ಒಪ್ಪಿಗೆಯ ಸಾಲು

ದುರ್ಗಿಗುಡಿಯ ಲ್ಯಾಬಿನ ಮಹಡಿ ಮೇಲೆ
ಹಳೆಯ ಫ್ರಿಜ್ಜಿನ ಪಕ್ಕದಲ್ಲಿ ನನ್ನ ಸರ್ವರು.
ಎರಡೂ ಒಂದೇ ಶ್ರುತಿಯಲ್ಲಿ ಗೊಣಗುತ್ತವೆ,
ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ.

ಕೇಳುವುದು ಒಂದೇ:
ಚೀಟಿ ನಂಬರು ಇಂಥದ್ದು, ರಕ್ತದ ರಿಪೋರ್ಟು ಕೊಡಿ.
ಕೇಳುವವರು ಮಾತ್ರ ಒಬ್ಬರಲ್ಲ.
ಆಸ್ಪತ್ರೆಯ ಯಂತ್ರಕ್ಕೆ ಜೇಸನ್ ಬೇಕು,
ಬಳುಕು ಬ್ರಾಕೆಟ್ಟಿನೊಳಗೆ ಬರೀ ಅಂಕಿ.
ಡಾಕ್ಟರಿಗೆ ಪಿಡಿಎಫ್, ಸಹಿ ಸಮೇತ.
ಸಾಗರದ ಕಡೆಯ ಯಾವುದೋ ಫೋನಿಗೆ ಪುಟ, ಆದಷ್ಟು ಹಗುರ,
ಭಾಷೆ ಕನ್ನಡ; ಆಗದಿದ್ದರೆ
ಅರ್ಧ ಮನಸ್ಸಿನಿಂದ ಇಂಗ್ಲಿಷು.
ಅರ್ಧ ಮನಸ್ಸು ನನ್ನ ಉಪಮೆಯಲ್ಲ.
ಸೊನ್ನೆ ಬಿಂದು ಐದು ಎಂದು
ಕೋರಿಕೆಯ ನೆತ್ತಿಯ ಮೇಲೆಯೇ ಬರೆದಿರುತ್ತದೆ.

ಆ ಸಾಲಿನ ಹೆಸರು ಅಕ್ಸೆಪ್ಟ್.
ಏನು ಕೊಟ್ಟರೆ ಒಪ್ಪಿಗೆ, ಯಾವುದಕ್ಕೆ ಎಷ್ಟು ಒಪ್ಪಿಗೆ.
ಕೆಲವರು ಎರಡು ನಕ್ಷತ್ರ, ನಡುವೆ ಒಂದು ಓರೆಗೆರೆ ಇಟ್ಟು ಕಳಿಸುತ್ತಾರೆ:
ಏನಿದ್ದರೂ ಸರಿ, ತಂಗಳಾದರೂ ಬಡಿಸಿ.
ಅಂಥವರ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ.

ಮೂರು ದಿನ ತಪ್ಪು ಮಾಡಿದೆ.
ಮೊದಲು ಹೇಳಿದ್ದೇ ಮೊದಲ ಆಸೆ ಎಂದು ತಿಳಿದು
ಸಾಲಿನ ತಲೆ ಹಿಡಿದು ಬಾಲ ಬಿಸಾಕಿದೆ.
ಯಂತ್ರಕ್ಕೆ ಪುಟ ಹೋಯಿತು. ಯಂತ್ರ ಉಗಿಯಿತು.
ಟೀ ಹೊತ್ತಿಗೆ ಕೆಳಗಿಳಿದು ಗೋಳು ಹೇಳಿಕೊಂಡೆ
ಕಿಟಕಿಯ ಸಕೀನಾಬಿ ಹತ್ತಿರ,
ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಾಕೆ.
ನಕ್ಕಳು.
"ಮೊದ್ಲು ಕೇಳೋದು ಬಿಲ್ಲೆಷ್ಟಾಯ್ತು ಅಂತ.
ಆಮೇಲೆ ಊಟ ಮಾಡ್ಬೋದಾ, ಬಸ್ಸು ಎಷ್ಟೊತ್ತಿಗೆ.
ಮೆಟ್ಲು ಇಳಿದು, ಚಪ್ಲಿ ಹಾಕ್ಕೊಂಡು,
ತಿರುಗಿ ಬಂದು ಒಂದು ಕೇಳ್ತಾರಲ್ಲ,
ಅದು ಕಣಮ್ಮ ಅವ್ರು ಕೇಳಕ್ಕೆ ಬಂದಿದ್ದು."

ಮೇಲೆ ಹೋಗಿ
ತೂಕ ನೋಡಿ ಜೋಡಿಸು ಎಂದು ಬರೆದೆ.

ಆಮೇಲೆ ಇನ್ನೊಂದು.
ವೇಗ ಸಾಲದೆಂದು ನಡುವೆ ಒಂದು ಕ್ಯಾಶ್ ಕೂರಿಸಿದ್ದೆ,
ಒಮ್ಮೆ ಕೊಟ್ಟದ್ದನ್ನು ನೆನಪಿಟ್ಟು ಮತ್ತೆ ಕೊಡುವ ಗುಮಾಸ್ತ.
ಕೇಳಿದವರ ಭಾಷೆ ನೋಡಿ ಕೊಡಪ್ಪ ಎಂದು
ಅವನಿಗೆ ಹೇಳುವ ಸಾಲು, ವೇರಿ, ಒಂದೇ ಒಂದು ಸಾಲು,
ಬರೆಯಲು ಮರೆತೆ.
ಬೆಳಿಗ್ಗೆ ಡಾಕ್ಟರು ಇಂಗ್ಲಿಷಿನಲ್ಲಿ ತೆರೆದ ಚೀಟಿ
ದಿನವಿಡೀ ಎಲ್ಲರಿಗೂ ಇಂಗ್ಲಿಷಿನಲ್ಲೇ ಹೋಯಿತು.

ಹಾಗೆ ಬಂದವನು ಸೋಮ್ಲಾ ನಾಯ್ಕ,
ಕುಂಸಿ ಕಡೆಯ ತಾಂಡಾದಿಂದ, ಫೋನು ಅಂಗೈಲಿಟ್ಟುಕೊಂಡು.
ನಾನು ಓಡಿ ಬಂದೆ: ತಪ್ಪು ನಂದು,
ಎರಡೇ ನಿಮಿಷ, ಕನ್ನಡದಲ್ಲಿ ಬರುತ್ತೆ.
ಅವನು ಫೋನನ್ನು ಎದೆಗೆ ಒತ್ತಿಕೊಂಡ.
"ಮನೆಯವಳದ್ದು.
ಒಳ್ಳೇದಿದ್ರೆ ಕನ್ನಡದಾಗೆ ಕೊಡಿ.
ಇಲ್ದಿದ್ರೆ ಇಂಗ್ಲಿಷಲ್ಲೇ ಇರ್ಲಿ ಬಿಡಿ."

ಇದಕ್ಕೆ ಎಷ್ಟು ತೂಕ ಹಾಕಲಿ?
ಒಪ್ಪಿಗೆಯ ಸಾಲು ಬರೆಯುವುದು
ಒಳಗೇನಿದೆ ಎಂದು ಗೊತ್ತಾಗುವ ಮೊದಲು.
ಕೊಡುವಂಥದ್ದು ನನ್ನಲ್ಲಿ ಇಲ್ಲ ಎನ್ನಲು
ಒಂದು ಸಂಖ್ಯೆಯಿದೆ, ನಾನೂರ ಆರು.
ಅದನ್ನು ಒಬ್ಬ ಮನುಷ್ಯನ ಮುಖಕ್ಕೆ ಹೇಳಿ ನೋಡಿ.

ಸಕೀನಾಬಿ ಪರದೆಯನ್ನು ಎರಡು ಸಲ ಓದಿದಳು.
ಕನ್ನಡಕ ತೆಗೆದಳು.
ಕಿಟಕಿ ಪಕ್ಕದ ಬಾಗಿಲಿಗೆ ಒರಗಿಸಿದ್ದ ಸಿರಿಂಜಿನ ಡಬ್ಬಗಳನ್ನು
ಒಂದೊಂದಾಗಿ ಸರಿಸಿ, ಹೊರಗೆ ಬಂದು
ಬೆಂಚಿನ ಮೇಲೆ ಅವನ ಪಕ್ಕ ಕೂತಳು.
ನಾನು ಸೇರಿದ ಮೇಲೆ ಆ ಬಾಗಿಲು ತೆರೆದದ್ದು ಅದೇ ಮೊದಲು.

ಏನು ಹೇಳಿದಳೋ. ಇಂಗ್ಲಿಷಂತೂ ಅಲ್ಲ,
ಪೂರ್ತಿ ಕನ್ನಡವೂ ಇರಲಿಕ್ಕಿಲ್ಲ,
ಸಿಟಿ ಬಸ್ಸೊಂದು ಹಾರ್ನು ಒತ್ತಿಕೊಂಡೇ ಹೋಯಿತು.
ಅವನು ಟವೆಲ್ಲು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.
ಎದ್ದ. ಮೆಟ್ಟಿಲು ಇಳಿದ. ಚಪ್ಪಲಿ ಹಾಕಿಕೊಂಡ.

ತಿರುಗಿ ಬಂದ.

ಕೇಳಿದ್ದು ಅವಳನ್ನು. ನಾನು ಮಹಡಿ ಹತ್ತಿದೆ.

ರಾತ್ರಿ ವೇರಿ ಸಾಲು ಸೇರಿಸಿದೆ.
ನಾನೂರ ಆರರ ಕೆಳಗೆ ಬರೀ ಸಂಖ್ಯೆ ಬೇಡವೆಂದು
ಇರುವುದನ್ನೆಲ್ಲ ಪಟ್ಟಿ ಮಾಡಿದೆ:
ಕನ್ನಡ ಪುಟ, ಇಂಗ್ಲಿಷ್ ಪುಟ, ಪಿಡಿಎಫ್, ಜೇಸನ್.
ಕೊನೆಗೆ, ಎರಡು ಸಲ ಬರೆದು ಅಳಿಸಿ, ಮತ್ತೆ ಬರೆದೆ:
ಬೆಳಿಗ್ಗೆ ಎಂಟಕ್ಕೆ ಕಿಟಕಿ ತೆರೆಯುತ್ತದೆ.

ಟೆಸ್ಟುಗಳೆಲ್ಲ ಹಸಿರು.
ಫ್ರಿಜ್ಜು ಮಾತ್ರ ಗೊಣಗುವುದನ್ನು ನಿಲ್ಲಿಸಿದೆ.
ಈಗ ಅದನ್ನು ನೋಡಬೇಕು.